ಕಲೆ

ನೀಲವ್ವನ ತಮ್ಮ ಜಗಳವಾಡಿ ಮನೆ ಬಿಟ್ಟ ದಿನವೇ ಅಪ್ಪ ಅವನ ಫೋಟೋಗಳನ್ನೆಲ್ಲ ಒಲೆಗೆ ಹಾಕಿದ್ದ. ಈಗ ಅಪ್ಪನೂ ಇಲ್ಲ. ಹಾಸಿಗೆ ಹಿಡಿದ ಅವ್ವ ಮಾತ್ರ, "ಒಮ್ಮೆ ಅವನ ಮಾರಿ ತೋರಸವ್ವಾ" ಎಂದು ದಿನವೂ ಗೋಗರೆಯುತ್ತಿದ್ದಳು. ಅದಕ್ಕೇ ನೀಲವ್ವ ನಲವತ್ತು ದಾಟಿದ ಮೇಲೆ ಪೆನ್ಸಿಲ್ ಹಿಡಿದಳು.

ನೆನಪಿನಿಂದ ಬರೆದ ಮುಖವನ್ನು ಫೇಸ್‌ಬುಕ್ಕಿನಲ್ಲಿ ಚಿತ್ರ ಕಲಿಯುವವರ ಗುಂಪಿಗೆ ಹಾಕಿ, "ತಪ್ಪಿದ್ರ ಹೇಳ್ರಿ" ಎಂದು ಕೇಳಿದಳು.

"ಮೂಗು ಉದ್ದಾತ್ರಿ" ಎಂದರೊಬ್ಬರು.

"ಕಣ್ಣಾಗ ಜೀವಾನ ಇಲ್ಲ" ಎಂದರು ಇನ್ನೊಬ್ಬರು.

ಸಿಟ್ಟು ಬಂತು, ಅಳುವೂ ಬಂತು. ಆದರೂ ಅಳಿಸಿ ಮತ್ತೆ ಬರೆದಳು. ಗದ್ದ, ತುಟಿ, ಹಣೆ ಎಂದು ಒಬ್ಬೊಬ್ಬರು ಒಂದೊಂದನ್ನು ತಿದ್ದಿಸಿದರು. ಕೈ ಪಳಗುತ್ತ ಬಂತು. ಅವ್ವ ಮಾತ್ರ ಪ್ರತಿ ಸಲವೂ, "ಇಂವ ಯಾರ ಮಗನೋ ಏನೋ" ಎಂದು ಗೋಡೆಯತ್ತ ಹೊರಳುತ್ತಿದ್ದಳು. ನೀಲವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರೊಟ್ಟಿ ತಟ್ಟುವಾಗಲೂ ಬೆರಳು ಹಿಟ್ಟಿನಲ್ಲಿ ಗೆರೆ ಎಳೆಯುತ್ತಿತ್ತು.

ದೀಪಾವಳಿಯ ಮುಂಜಾನೆ ಮತ್ತೊಂದು ಚಿತ್ರ ಹಾಕಿದಳು. "ಭಾಳ ಛಂದ ಬಂದೈತ್ರಿ" ಎಂದು ಗುಂಪಿನವರೆಲ್ಲ ಹೊಗಳಿದರು.

"ಹೊಗಳಬ್ಯಾಡ್ರಿ, ಏನ್ ತಪ್ಪೈತಿ ಹೇಳ್ರಿ" ಎಂದಳು.

ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಯಾರೋ ಬರೆದರು: "ಎಡಹುಬ್ಬಿನ ಮ್ಯಾಲ ನೀ ಕಲ್ಲು ಒಗದಾಗ ಆಗಿದ್ದ ಕಲೆ ಬಿಟ್ಟೀಯಲ್ಲ, ಅಕ್ಕಾ."