ಕೆಟ್ಟ ಹೆಡ್‌ಸೆಟ್ಟು

ಅಪ್ಪನ ಹೊಲ ಹಂಚುವ ಮಾತಿಗೆ ಅಣ್ಣಂದಿರಿಬ್ಬರೂ ವಿಡಿಯೊ ಕಾಲ್‌ಗೆ ಬಂದಿದ್ದರು. ಹುಟ್ಟಿದಾಗಿನಿಂದ ಅವರಿಗೆ ಎದುರಾಡದ ನೀಲವ್ವ ಇವತ್ತು ಸೆರಗನ್ನು ಸೊಂಟಕ್ಕೆ ಬಿಗಿದು, ಹೆಡ್‌ಸೆಟ್ಟಿನ ಮೈಕನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡಳು.

“ಅಣ್ಣಾ, ಹೊಲದಾಗ ನನಗೂ ಒಂದು ಪಾಲು ಬೇಕು.”

“ಏನಂದಿ? ನಿನ್ನ ಧ್ವನೀನ ಬರವಲ್ದು ನೋಡವ್ವಾ,” ಎಂದ ದೊಡ್ಡಣ್ಣ.

ಮಗಳು ಬಂದು ವಯರನ್ನು ಕಿತ್ತು ಮತ್ತೆ ಚುಚ್ಚಿದಳು. ಮ್ಯೂಟ್ ಆಗಿಲ್ಲವೆಂದು ಬೆರಳಿಟ್ಟು ತೋರಿಸಿದಳು. ನೀಲವ್ವ ಗಂಟಲು ಹರಿಯುವಂತೆ ಕೂಗಿದಳು.

“ನನಗೂ ಪಾಲು ಬೇಕಂದೆ!”

“ಬರೇ ಗೊರಗೊರ ಅಂತೈತಿ. ಹೆಡ್‌ಸೆಟ್ ಕೆಟ್ಟೈತಿ, ಬ್ಯಾರೆ ಹಾಕ್ಕೋ,” ಎಂದ ಸಣ್ಣಣ್ಣ.

ಮಗಳು ಪಕ್ಕದ ಮನೆಯಿಂದ ಹೊಸದೊಂದನ್ನು ಕೇಳಿ ತಂದಳು. ಅಣ್ಣಂದಿರದು ಮತ್ತೆ ಅದೇ ರಾಗ. ಕೂಗಿ ಕೂಗಿ ನೀಲವ್ವನ ದನಿಯೇ ಬಿದ್ದುಹೋಯಿತು. ಹೆಡ್‌ಸೆಟ್ಟನ್ನು ಕಳಚಿ ಮೇಜಿನ ಮೇಲಿಟ್ಟು, ಮಗಳ ಕಡೆ ತಿರುಗಿ ಪಿಸುಗುಟ್ಟಿದಳು.

“ಹೋಗ್ಲಿ ಬಿಡವಾ. ಹೊಲ ಅವರೇ ಇಟ್ಕೊಳ್ಳಲಿ, ನಾ ಸಹಿ ಹಾಕ್ತೀನಿ.”

ಮೇಜಿನ ಮೇಲಿದ್ದ ಹೆಡ್‌ಸೆಟ್ಟಿನೊಳಗಿಂದ ದೊಡ್ಡಣ್ಣನ ದನಿ ಬಂತು.

“ಈಗ ಛಲೋ ಕೇಳಿಸ್ತು ನೋಡವ್ವಾ! ಪಂಚಮಿಗೆ ಬಾ, ಸೀರಿ ಉಡಸ್ತೀವಿ.”