ಅಮಾವಾಸ್ಯೆಯ ಎಡೆ

ಕೊರೊನಾ ವರ್ಷದ ಮಹಾಲಯ ಅಮಾವಾಸ್ಯೆ, ನಡುಮಧ್ಯಾಹ್ನ. ಕಾಯಿಲೆ ತಗುಲಿ ಬೋರಯ್ಯ ಕೋಣೆ ಸೇರಿ ಹದಿಮೂರು ದಿನವಾಗಿತ್ತು. ಅಷ್ಟೂ ದಿನ ಬರೀ ಗಂಜಿ. "ಆಚೆ ಕಾಲಿಟ್ರೆ ಇನ್ನೂ ಹದಿನಾಕು ದಿನ ಒಳಗೇ, ನೋಡಪ್ಪ" ಎಂದು ಮಗ ಹೇಳಿಬಿಟ್ಟಿದ್ದ.

ನಡುಮನೆಯಲ್ಲಿ ಬೋರಯ್ಯನ ತೀರಿಹೋದ ಹೆಂಡತಿಗೆ ಬಾಡೂಟದ ಎಡೆ ಇಟ್ಟು, ಅವಳು ಬಂದು ಉಣ್ಣಲೆಂದು ಎಲ್ಲರೂ ಕದ ಎಳೆದುಕೊಂಡು ಜಗಲಿಗೆ ಹೋದರು. ಕಾಯಿಲೆಯಿಂದ ಹೋಗಿದ್ದ ವಾಸನೆ ಬೋರಯ್ಯನ ಮೂಗಿಗೆ ಮರಳಿದ್ದು ಆ ಗಳಿಗೆಯಲ್ಲೇ. ಒಂದೇ ಒಂದು ತುಂಡು ಎಂದುಕೊಂಡು ಹೊರಬಂದ. ಮುಟ್ಟಿದ್ದನ್ನು ಉಳಿಸಿದರೆ ಮನೆಯವರಿಗೆ ಕಾಯಿಲೆ ಅಂಟೀತೆಂಬ ಕಾಳಜಿಯಿಂದ ಎಲೆ ಬಳಿದು ಉಂಡ. ಹಲ್ಲಿಗೆ ಸಿಕ್ಕ ನಾರನ್ನು ಬಿಡಿಸುತ್ತಿರುವಾಗ ಕದ ಕಿರುಗುಟ್ಟಿತು. ಓಡಿಹೋಗಿ ಹೊದ್ದು ಮಲಗಿದ.

"ನೋಡೇ, ನಮ್ಮವ್ವ ಬಂದು ಉಂಡವ್ಳೆ! ಒಂದಗುಳೂ ಬಿಟ್ಟಿಲ್ಲ!" ಮಗ ಅಳುತ್ತಾ ಬರಿದಾದ ಎಲೆಗೆ ಅಡ್ಡಬಿದ್ದ. ಸೊಸೆ ಎಲೆ ಎತ್ತಿದಳು. ಸತ್ತ ಹೆಂಡತಿಗೆ ಇಷ್ಟು ದೊಡ್ಡ ಹೆಸರು ತಂದುಕೊಟ್ಟೆನಲ್ಲ ಎಂದು ಬೋರಯ್ಯ ಹೊದಿಕೆಯೊಳಗೇ ಬೀಗಿದ.

ಸಂಜೆ ಸೊಸೆ ಗಂಜಿಯ ಜೊತೆಗೆ ಪುಟ್ಟದೊಂದು ಬಟ್ಟೆಯ ಗಂಟನ್ನೂ ಬಾಗಿಲಲ್ಲಿಟ್ಟಳು.

"ಮಾವ, ಮಧ್ಯಾನ ಉಣ್ಣಾಕೆ ಬಂದಿದ್ದ ಅತ್ತೆ, ಹೋಗೋವಾಗ ನಿಮ್ ಹಲ್ಲಿನ ಸೆಟ್ಟನ್ನ ಎಲೆ ಅಡೀಲೇ ಮರ್ತು ಹೋಗವ್ರೆ."