ಕಛೇರಿಗೆ ಒಯ್ದ ಕಷಾಯ

ನವರಾತ್ರಿ ಕಳೆದು ಬಿಸಿಲು ಮತ್ತೆ ಚುರುಕಾಗಿತ್ತು. ಭಾನುವಾರದ ಬೆಳಿಗ್ಗೆ. ಕೊಂಢವಾ ಬಡಾವಣೆಯ ತಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಇಡ್ಲಿ ಬೇಯುತ್ತಿತ್ತು. ಪ್ರಫುಲ್ಲಾ ಸಂಗೀತ ಕಛೇರಿಗೆ ಒಯ್ಯಬೇಕಾದ ಬನ್ಸನ್ನು ಡಬ್ಬಿಗಳಿಗೆ ತುಂಬಿ ಮುಗಿಸಿದಳು. ಆಮೇಲೆ ಯಾರೂ ಹೇಳದ ಕೆಲಸವೊಂದನ್ನು ಮಾಡಿದಳು. ಸಣ್ಣ ಪಾತ್ರೆಯಲ್ಲಿ ಕಷಾಯ ಕುದಿಸಿ ಬೇರೆ ಫ್ಲಾಸ್ಕಿಗೆ ಸೋಸಿದಳು.

ಗಂಡ ಕಾಂತಪ್ಪ ಕೌಂಟರಿನಿಂದ ಎದ್ದು ಬಂದ.

"ಅದು ಯಾರಿಗೆ?"

"ಪಿಟೀಲಿನವನಿಗೆ."

ಕಾಂತಪ್ಪ ಮುಚ್ಚಳ ತೆಗೆದು ಮೂಸಿದ.

"ಎಂತ, ವಿಷ ಹಾಕಿದ್ದೇನೆ ಅಂತ ಎಣಿಸಿದ್ರಾ ಮಾರಾಯ್ರೆ?"

ಅವನು ಒಂದು ಗುಟುಕು ಕುಡಿದೇಬಿಟ್ಟ. "ಬೆಲ್ಲ ಜಾಸ್ತಿಯಾಯ್ತು."

"ಅವನಿಗೆ ಹಾಗೇ ಇರ್ಬೇಕು."

ಮಗ ಸುಹಾಸ ಹೋದ ಮೇಲೆ ಹೊರಗಿನ ಆರ್ಡರ್ ಯಾವುದೂ ಬೇಡವೆಂದು ಹಟ ಹಿಡಿದವಳು ಅವಳೇ. ಮೂರು ವರ್ಷದ ಹಿಂದೆ ಚಾಕಣದಿಂದ ಬರುವಾಗ ಅವನ ಬೈಕು ಉರುಳಿತ್ತು. ಅವನು ನಿಲ್ಲುತ್ತಿದ್ದ ದೋಸೆಕಲ್ಲಿನ ಮುಂದೆ ಈಗ ಬೇರೆಯವರು ನಿಲ್ಲುತ್ತಾರೆ. ಆದರೂ ಮುಂಜಾನೆ, ಅಡುಗೆಮನೆಯ ಬೀಗ ತೆಗೆಯುವ ಮೊದಲೇ, ಒಳಗೆ ಕಲ್ಲಿನ ಮೇಲೆ ಸಟ್ಟುಗ ಕೆರೆಯುವ ಸದ್ದು ಅವಳಿಗೆ ಕೇಳುತ್ತದೆ. ಬಾಗಿಲು ತೆಗೆದರೆ ಕಲ್ಲು ತಣ್ಣಗೆ ಬಿದ್ದಿರುತ್ತದೆ.

ಹೋದ ತಿಂಗಳು ಕಛೇರಿಯ ಸಂಘಟಕರು ತಿಂಡಿಗೆಂದು ಫೋನು ಮಾಡಿ, ಪೋಸ್ಟರನ್ನೂ ಕಳುಹಿಸಿದ್ದರು. ಅದರಲ್ಲಿ ಪಿಟೀಲಿನ ಕಮಾನು ಹಿಡಿದು ನಿಂತವನು ಮಧುಕರ್, ಇದೇ ಊರಿನ ವಾಕಡದಲ್ಲಿ ನೆಲೆಸಿರುವ ಮೈಸೂರಿನವನು. ಪ್ರಫುಲ್ಲಾ ಆ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು, ಮತ್ತೆ ಹಿಗ್ಗಿಸಿದಳು. ಕೊನೆಗೆ ಚಿತ್ರದಲ್ಲಿ ಮುಖವೇ ಉಳಿಯಲಿಲ್ಲ. ಆರ್ಡರ್ ಒಪ್ಪಿಕೊಂಡಳು.

ಆಸ್ಪತ್ರೆಯಲ್ಲಿ ಸುಹಾಸ ಕೊನೆಯುಸಿರೆಳೆದ ದಿನ ಮಧುಕರನೂ ಅಲ್ಲೇ ಇದ್ದ. ಪತ್ರಿಕೆಯವರು ಆಮೇಲೆ ಅವನ ಬಗ್ಗೆ ಬರೆದಿದ್ದರು. ಮಧುಕರ್ ಗುಣವಾಗಿ ಮನೆಗೆ ಹೋದ.

"ಸಹಿ ಹಾಕಿದ್ದು ನಾವೇ ಪ್ರಫುಲ್ಲಾ," ಕಾಂತಪ್ಪ ದನಿ ತಗ್ಗಿಸಿದ. "ಅವನ ಹತ್ರ ಹೋಗ್ಲಿಕ್ಕಿಲ್ಲ ಅಂತ ಆಸ್ಪತ್ರೆಯವರು ಅವತ್ತೇ ಹೇಳಿದ್ದಾರೆ. ಈಗ ಹೋಗಿ ಎಂತ ಮಾಡ್ತೀ?"

"ಅವನ ಮುಖ ನೋಡ್ಲಿಕ್ಕೆ ಹೋಗುದಲ್ಲ ನಾನು. ಒಂದು ಸಲ ಹತ್ರ ನಿಲ್ಬೇಕು."

"ರಂಪ ಮಾಡ್ತೀ ನೀನು. ನಾನೂ ಬರ್ತೇನೆ."

"ಬನ್ನಿ. ಡಬ್ಬಿ ಹೊರ್ಲಿಕ್ಕೆ ಜನ ಬೇಕು."

ಕಛೇರಿಯ ಮೊದಲ ಅರ್ಧ ಬರೋಕ್, ಮುನ್ನೂರು ವರ್ಷ ಹಿಂದಿನ ಪಾಶ್ಚಾತ್ಯ ಸಂಗೀತ. ಅರ್ಧಚಂದ್ರಾಕಾರದಲ್ಲಿ ಕುಳಿತ ತಂತಿವಾದ್ಯದವರ ನಡುವೆ ಮಧುಕರ್ ಒಬ್ಬನೇ ನಿಂತಿದ್ದ. ಅವನ ಕಮಾನು ಅವಸರಪಡಲಿಲ್ಲ. ಗದ್ದೆಯ ಅಂಚು ಮುಟ್ಟಿದ ನೇಗಿಲಿನಂತೆ ನಿಧಾನಕ್ಕೆ ತಿರುಗಿ ಮರಳುತ್ತಿತ್ತು. ಪ್ರಫುಲ್ಲಾ ಪಕ್ಕದ ಬಾಗಿಲಲ್ಲಿ ನಿಂತು ರೆಪ್ಪೆ ಬಡಿಯದೆ ನೋಡಿದಳು. ಎಲ್ಲಿ ನುಗ್ಗಿಬಿಡುತ್ತಾಳೋ ಎಂದು ಕಾಂತಪ್ಪ ಅವಳ ತೋಳು ಹಿಡಿದಿದ್ದ.

ಬಿಡುವಿನಲ್ಲಿ ಬನ್ಸ್ ಖಾಲಿಯಾದವು. ಎರಡನೆಯ ಅರ್ಧದ್ದು ಹೊಸ ಸಂಗೀತ. ಮಧುಕರನಿಗೆಂದೇ ಗೆಳೆಯನೊಬ್ಬ ಈ ವರ್ಷ ಬರೆದದ್ದು. ಗುನುಗಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ಕಮಾನು ತಂತಿಯನ್ನು ಕೆರೆಯಿತು, ನಿಂತಿತು, ಮತ್ತೆ ಕೆರೆಯಿತು. ಮುಂದಿನ ಸಾಲಿನವರು ಮುಖ ಹುಳ್ಳಗೆ ಮಾಡಿಕೊಂಡರು. ಪ್ರಫುಲ್ಲಾ ಬಾಗಿಲ ಚೌಕಟ್ಟು ಹಿಡಿದಳು. ಮುಂಜಾನೆ ಬೀಗದಾಚೆ ಕೇಳುವ ಸದ್ದು ಅದೇ.

"ಕೇಳ್ತಾ?"

ಕಾಂತಪ್ಪನಿಗೆ ಕೇಳಿತ್ತು. ಅವನು ಅವಳ ತೋಳು ಬಿಟ್ಟ.

ಚಪ್ಪಾಳೆ ಮುಗಿಯುವ ಹೊತ್ತಿಗೆ ಅವಳು ಫ್ಲಾಸ್ಕ್ ಹಿಡಿದು ವೇದಿಕೆಯ ಹಿಂದಿನ ಕೋಣೆಗೆ ಬಂದಿದ್ದಳು. ಮಧುಕರನ ಹೆಂಡತಿ ಸಿಂಧೂರ ಬಾಗಿಲಲ್ಲೇ ತಡೆದಳು.

"ಸಾರಿ ಆಂಟಿ. ಅವರು ಹೊರಗಡೆದು ಏನೂ ಕುಡಿಯಲ್ಲ."

"ಮನೇದೇ ಮಗಾ. ಕುದಿಸಿ ತಂದದ್ದು."

"ಡಾಕ್ಟರ್ ಸ್ಟ್ರಿಕ್ಟಾಗಿ ಹೇಳಿದಾರೆ. ಯಾರೂ ಹತ್ರ ಹೋಗೋದೂ ಬೇಡ, ಪ್ಲೀಸ್. ಮೂರು ವರ್ಷದಿಂದ ಎಷ್ಟು ಕಷ್ಟಪಟ್ಟು ಕಾಪಾಡ್ಕೊಂಡಿದೀವಿ ಅಂತ ನಿಮಗೆ ಗೊತ್ತಿಲ್ಲ."

"ಗೊತ್ತುಂಟು," ಎಂದಳು ಪ್ರಫುಲ್ಲಾ.

"ಯಾರು ಸಿಂಧೂ?" ಒಳಗಿನಿಂದ ಮಧುಕರನ ದನಿ.

"ಕೇಟರಿಂಗ್‌ನವರು."

"ಬರ್ಲಿ ಬಿಡು. ಬನ್ಸ್ ಸೂಪರಾಗಿತ್ತಂತೆ. ನನಗೆ ವಾಸನೆ ಮಾತ್ರ ಸಿಕ್ತು."

ಅವನು ನಗುತ್ತ ಎದ್ದು ಬಂದ. ಪ್ರಫುಲ್ಲಾ ಫ್ಲಾಸ್ಕನ್ನು ನೆಲಕ್ಕಿಟ್ಟಳು. ಅವಳು ತನ್ನ ಕೈಯನ್ನೇ ನೋಡುತ್ತಿರುವುದು ಕಂಡು ಅವನೇ ಕೇಳಿದ.

"ಯಾಕಮ್ಮ, ನಮ್ಮ ಕಡೆಯಿಂದ ಏನಾದ್ರೂ ಬಾಕಿ ಇದೆಯಾ?"

"ಬಾಕಿ ಎಂತದ್ದೂ ಇಲ್ಲ ಮಗಾ." ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಒಂದು ಸಲ ಕೈ ಕೊಡು."

"ಆಂಟಿ, ಬೇಡ..." ಸಿಂಧೂರ ಮುಂದೆ ಬಂದಳು.

ಮಧುಕರ್ ಆ ಹೆಂಗಸಿನ ಮುಖವನ್ನೇ ನೋಡಿದ. ಏನನ್ನಿಸಿತೋ, ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ಬಲಗೈ ಚಾಚಿದ. ಅಂಗಿಯ ತೋಳು ಹಿಂದೆ ಜಾರಿತು. ಬಾಗಿಲ ಬಳಿ ನಿಂತಿದ್ದ ಕಾಂತಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿದ.

ಪ್ರಫುಲ್ಲಾ ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದಳು. ಮಣಿಕಟ್ಟಿಗಿಂತ ತುಸು ಮೇಲೆ, ಸುತ್ತಲೂ, ವೈದ್ಯರು ಕಸಿ ಮಾಡಿ ಹೊಲಿದ ಗೆರೆ.

ಗೆರೆಯಿಂದ ಮೇಲೆ ಮಧುಕರನಿದ್ದ; ಕೆಳಗೆ, ಬೆರಳ ತುದಿಯವರೆಗೂ, ಸುಹಾಸ ಬೆಚ್ಚಗಿದ್ದ.